ಪುಕ್ಕಟೆ ಬಿಲ್ಲೆ

ನನ್ನ ತಂಗಿ ಸತ್ತದ್ದು ಹೊಗೆಯಿಂದ. ಆ ಹೊಗೆ ಹುಟ್ಟಿದ್ದು ನಮ್ಮಮ್ಮನ ಬುದ್ಧಿಯಿಂದ. ಆ ಬುದ್ಧಿಯನ್ನು ಕಾರ್ಖಾನೆಯವರ ಕೈಗೆ ಕೊಟ್ಟವಳು ನಾನು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಇದನ್ನು ಎತ್ತಿ ಆಡುವುದು ಬೇಡ. ನನ್ನ ಪಾಲಿನ ತಪ್ಪು ನನಗೆ ಗೊತ್ತಿದೆ. ಯಜಮಾನನ ಪಾಲಿನದನ್ನು ಅವನಿಗೆ ಹೇಗೆ ಮುಟ್ಟಿಸಿದೆ ಅನ್ನುವುದನ್ನು ಹೇಳಲು ಕೂತಿದ್ದೇನೆ.

ನಮ್ಮದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ನಮ್ಮದು ಅಂದೆನಲ್ಲ, ಬಾಯಿ ತಪ್ಪಿತು. ಯಜಮಾನನದು. ನಮ್ಮದು ಅಂತ ಇದ್ದದ್ದು ಹಿಂದುಗಡೆಯ ಹೊಂಡ. ಬಣ್ಣದ ತೊಟ್ಟಿಗಳಿಂದ ಬಿಟ್ಟ ನೀರೆಲ್ಲ ಬಂದು ನಿಲ್ಲುವ ಹೊಂಡ. ಅದಕ್ಕೆ ಇಳಿದು, ತಳದಲ್ಲಿ ಕೂತ ರಾಡಿಯನ್ನು ತಗಡಿನ ಮೊರದಲ್ಲಿ ಬಾಚಿ, ಬುಟ್ಟಿಗೆ ತುಂಬಿ ಮೇಲಕ್ಕೆ ಕೊಡುವುದು ಹೆಂಗಸರ ಕೆಲಸ. ಒಳಗೆ ಯಂತ್ರಗಳ ಹತ್ತಿರ ಇರುವವರು ಬೇರೆ ಜನ. ಅವರು ನಮ್ಮ ಕಡೆ ಬರುವುದಿಲ್ಲ. ನಾವು ಅವರ ಕಡೆ ಹೋಗುವ ಹಾಗಿಲ್ಲ. ಹೋದರೆ ಬಿಳಿ ಬಟ್ಟೆಯ ಥಾನುಗಳಿಗೆ ನಮ್ಮ ಮೈ ತಾಗಿ ಕಲೆಯಾಗುತ್ತದಂತೆ. ಅಮ್ಮ ಇಪ್ಪತ್ತಾರು ವರ್ಷ ಆ ಹೊಂಡಕ್ಕೆ ಇಳಿದಳು. ಅವಳು ಹೋದ ಮೇಲೆ ಅವಳ ಮೊರ ನನ್ನ ಕೈಗೆ ಬಂತು.

ಸೊಂಟದವರೆಗೆ ನೀರು. ಆ ವಾರ ಒಳಗೆ ಯಾವ ಬಣ್ಣ ಓಡುತ್ತಿದೆ ಅನ್ನುವುದನ್ನು ನಮ್ಮ ಕಾಲು ನೋಡಿ ಹೇಳಬಹುದಿತ್ತು. ಕೆಂಪು, ನೀಲಿ, ಒಂದು ಥರದ ಹಸಿರು. ಹಸಿರು ಬಂದ ವಾರ ಉಗುರಿನ ಬುಡ ಕೊಳೆಯುತ್ತಿತ್ತು. ಕೆಂಪು ಬಂದ ವಾರ ಉಚ್ಚೆ ಉರಿಯುತ್ತಿತ್ತು. ಅಂಗಡಿಯವನು ಸಾಮಾನನ್ನು ನಮ್ಮ ಕೈಗೆ ಕೊಡುತ್ತಿರಲಿಲ್ಲ. ಕಟ್ಟೆಯ ಮೇಲಿಟ್ಟು "ತಗೊ" ಅನ್ನುತ್ತಿದ್ದ. ಬಸ್ಸಿನಲ್ಲಿ ನಾವು ಹತ್ತಿದರೆ ಹೆಂಗಸರು ಬಟ್ಟೆ ಒಟ್ಟುಮಾಡಿಕೊಂಡು ಸರಿಯುತ್ತಿದ್ದರು. ಸೀಟು ಮಾತ್ರ ಯಾವತ್ತೂ ಸಿಗುತ್ತಿತ್ತು, ಅದೊಂದು ಲಾಭ.

ನಮ್ಮ ಓಣಿಗೆ ನೀರು ಬರುತ್ತಿದ್ದದ್ದು ಎರಡು ದಿನಕ್ಕೊಮ್ಮೆ, ಮನೆಗೊಂದು ಡ್ರಮ್ಮು. ಹೊಂಡದಿಂದ ಬಂದು ನಮ್ಮ ಬಟ್ಟೆ ಒಗೆದರೆ ಆ ನೀರು ಕೆಂಪಗಾಗಿ ಯಾತಕ್ಕೂ ಬಾರದ ಹಾಗೆ ಆಗುತ್ತಿತ್ತು. ಅದನ್ನು ಚೆಲ್ಲಿದರೆ ಪಾತ್ರೆ ತೊಳೆಯಲು ನೀರಿಲ್ಲ. ಅಮ್ಮ ಇದಕ್ಕೊಂದು ದಾರಿ ಹುಡುಕಿದಳು. ಬಾಯ್ಲರಿನವರು ಭತ್ತದ ಹೊಟ್ಟನ್ನು ಉರಿಸಿ, ಅರೆಸುಟ್ಟ ಕರಿ ಹೊಟ್ಟನ್ನು ಗುಡ್ಡೆ ಹಾಕಿ ಬಿಡುತ್ತಿದ್ದರು. ನಾವು ಅದರಿಂದ ಕೈ ಉಜ್ಜಿಕೊಳ್ಳುತ್ತಿದ್ದೆವು. ಜ್ಯೂಸಿನ ಅಂಗಡಿಯವರು ಎಸೆದ ನಿಂಬೆ ಸಿಪ್ಪೆಯನ್ನೂ ಸೇರಿಸಿಕೊಂಡರೆ ಕೈಯ ಬಣ್ಣ ಬೇಗ ಬಿಡುತ್ತಿತ್ತು. ಅಮ್ಮ ಒಂದು ದಿನ ತಳ ತೂತಾದ ಮಡಕೆಗೆ ಆ ಕರಿ ಹೊಟ್ಟು ತುಂಬಿ, ನಿಂಬೆ ಸಿಪ್ಪೆ ನೆನೆಸಿದ ನೀರಿನಲ್ಲಿ ಅದನ್ನು ತೋಯಿಸಿ, ಮೇಲಿಂದ ಒಗೆದ ನೀರು ಹೊಯ್ದಳು. ಮೇಲೆ ಕೆಂಪು ಹೋಯಿತು. ಕೆಳಗೆ ತಿಳಿ ಬಂತು.

"ನೀರಿಗೂ ನಮ್ಮ ಹಾಗೇ ಎರಡು ಪಾಳಿ ಕೆಲ್ಸ," ಅಂದಳು ಅಮ್ಮ.

ಆಮೇಲೆ ಓಣಿಯ ಪ್ರತಿ ಮನೆಯ ಮುಂದೆ ಒಂದು ತೂತು ಮಡಕೆ ಬಂತು. ಹೊಟ್ಟು ದಣಿದು ಬಣ್ಣ ಹಿಡಿಯುವುದನ್ನು ನಿಲ್ಲಿಸಿದಾಗ ಅದಕ್ಕೆ ಬಟ್ಟೆ ಸೋಡಾ ಕರಗಿಸಿದ ನೀರು ಹಾಕಬೇಕು. ಆಗ ಹಿಡಿದದ್ದನ್ನೆಲ್ಲ ಒಂದೇ ಸಲ ಕಕ್ಕುತ್ತದೆ. ಆ ಗಟ್ಟಿ ಬಣ್ಣದ ನೀರನ್ನು ಅಮ್ಮ ಡಬ್ಬಿಗೆ ತುಂಬಿಕೊಂಡು ಹೋಗಿ ಹೊಂಡಕ್ಕೇ ಸುರಿಯುತ್ತಿದ್ದಳು. ಅವರದ್ದು ಅವರಿಗೆ. ಹೊಟ್ಟನ್ನು ಮತ್ತೆ ನಿಂಬೆ ನೀರಿನಲ್ಲಿ ತೋಯಿಸಿ ಮಡಕೆಗೆ ತುಂಬುವುದು. "ಹೊಟ್ಟು ಬಣ್ಣಾನ ತಿನ್ನಲ್ಲ ಕಣೇ, ಬಾಯಲ್ಲಿಟ್ಕೊಂಡಿರುತ್ತೆ ಅಷ್ಟೆ," ಅನ್ನುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಅಮ್ಮನಿಗೆ ಇನ್ನೊಂದು ಹಟವಿತ್ತು. ತಂಗಿಯನ್ನು ಹೊಂಡಕ್ಕೆ ಇಳಿಸಬಾರದು. "ಮನೇಲಿ ಒಬ್ಳ ಕಾಲಾದ್ರೂ ಕಾಲಿನ ಬಣ್ಣದಲ್ಲೇ ಇರ್ಲಿ," ಅಂದಿದ್ದಳು. ಅಮ್ಮ ಹೋದ ಮೇಲೂ ನಾನು ಆ ಮಾತನ್ನು ನಡೆಸಿದೆ. ತಂಗಿ ಮನೆಯಲ್ಲೇ ಅಡುಗೆ ಮಾಡುತ್ತಿದ್ದಳು, ನಮಗೆ ಮಾತ್ರವಲ್ಲ, ಹೊಂಡಕ್ಕೆ ಹೋಗುವ ಹದಿನಾಲ್ಕು ಹೆಂಗಸರ ಮನೆಗೂ. ನಮ್ಮ ಒಳಕೋಣೆಗೆ ಕಿಟಕಿ ಇಲ್ಲ. ಮೇಲೆ ತಗಡು, ಗೋಡೆಯಲ್ಲಿ ಒಂದು ಇಟ್ಟಿಗೆಯಷ್ಟು ಕಂಡಿ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಲೆಯ ಮುಂದೆ ಕೂತು, ಬಾಯಿಗೆ ಬಿಡುವಿಲ್ಲದ ಹಾಗೆ ಮಾತಾಡುತ್ತಿದ್ದಳು. ಕೇಳುವವರಿಲ್ಲದಿದ್ದರೆ ಪಾತ್ರೆಯ ಜೊತೆ ಮಾತಾಡುತ್ತಿದ್ದಳು. ನಾನು ಬಂದ ಕೂಡಲೇ ಕಾಲು ನೋಡಿ, "ಇವತ್ತು ನೀಲಿನಾ ಅಕ್ಕಾ? ನಿನ್ನ ಮೈಬಣ್ಣಕ್ಕೆ ಒಪ್ಪುತ್ತೆ ಬಿಡು," ಅಂತ ಛೇಡಿಸುತ್ತಿದ್ದಳು. ಅವಳ ಕಾಲು ಕಾಲಿನ ಬಣ್ಣದಲ್ಲೇ ಇತ್ತು. ನನಗೆ ಅದನ್ನು ನೋಡುವುದೇ ಒಂದು ಸುಖ.

ಹೊಂಡದ ನೀರು ತುಂಬಿ ಹೊಳೆಗೆ ಹೋಗುತ್ತಿತ್ತು. ಕೆಳಗಿನ ಊರಿನವರು ದೂರು ಕೊಟ್ಟರು. ನಾವು ಅದರಲ್ಲಿ ಅರ್ಧ ಮೈ ಮುಳುಗಿಸಿ ನಿಂತಾಗ ಯಾರಿಗೂ ಕಾಣದ ಬಣ್ಣ, ಹೊಳೆಗೆ ಹೋದ ಮೇಲೆ ಎಲ್ಲರಿಗೂ ಕಂಡಿತು. ನೀರು ಶುದ್ಧ ಮಾಡಿ, ಇಲ್ಲದಿದ್ದರೆ ಬಾಗಿಲು ಹಾಕಿ ಅಂತ ಸರ್ಕಾರದ ನೋಟೀಸು ಬಂತು. ಆಗ ಬಂದವರು ಲ್ಯಾಬಿನ ಸಾರ್. ದೊಡ್ಡ ಓದು. ಕಾರ್ಖಾನೆಯ ಮೂಲೆಯಲ್ಲಿ ಅವರಿಗೊಂದು ಕೋಣೆ, ಗಾಜಿನ ಸೀಸೆಗಳು. ದೂರದಿಂದ ತರಿಸಿದ ಏನೇನೋ ಪುಡಿ ಹಾಕಿ ನೋಡಿದರು. ಕೆಲಸವಾಗುತ್ತಿತ್ತು, ಆದರೆ ದುಬಾರಿ ಅಂತ ಯಜಮಾನ ಒಪ್ಪಲಿಲ್ಲ.

ಒಂದು ಮಧ್ಯಾಹ್ನ ನಾನು ಹೊಂಡದ ಕಟ್ಟೆಯ ಮೇಲೆ ಕರಿ ಹೊಟ್ಟಿನಲ್ಲಿ ಕೈ ಉಜ್ಜಿಕೊಳ್ಳುತ್ತಿದ್ದೆ. ಸಾರ್ ನಿಂತು ನೋಡಿದರು.

"ಅದೇನಮ್ಮ ಅದು?"

ಹೇಳಿದೆ. ಅವರು ನನ್ನನ್ನು ತಮ್ಮ ಕೋಣೆಗೆ ಕರೆದರು. ಕುರ್ಚಿ ತೋರಿಸಿದರು. ಕೂತರೆ ಕಲೆಯಾಗುತ್ತದೆ ಅಂದೆ. "ಪರ್ವಾಗಿಲ್ಲ, ಕೂತ್ಕೊಳ್ಳಿ," ಅಂದರು. ಇಷ್ಟು ವರ್ಷದಲ್ಲಿ ಆ ಗೋಡೆಗಳೊಳಗೆ ನನ್ನನ್ನು ಯಾರಾದರೂ 'ಕೂತ್ಕೊಳ್ಳಿ' ಅಂದದ್ದು ಅದೇ ಮೊದಲು. ಅಷ್ಟಕ್ಕೇ ನಾನು ಕರಗಿಹೋದೆ. ಮಡಕೆ, ಹೊಟ್ಟು, ನಿಂಬೆ ಸಿಪ್ಪೆ, ಎಷ್ಟು ಹೊತ್ತು ನೆನೆಸಬೇಕು, ನೀರು ಎಷ್ಟು ಸಣ್ಣಗೆ ಬಿಡಬೇಕು, ಎಲ್ಲ ಬಿಚ್ಚಿ ಹೇಳಿದೆ. ಅವರು ಬರೆದುಕೊಂಡರು. ಸೋಡಾದ ವಿಷಯವನ್ನೂ ಹೇಳಿದೆ.

"ಅದು ಬೇಡ," ಅಂದರು ಸಾರ್. "ಸೋಡಾ ಹಾಕಿದ್ರೆ ಆ ಬಣ್ಣದ ನೀರು ಮತ್ತೆ ನಮ್ಮ ತಲೆಗೇ ಬರುತ್ತೆ. ಹೊಟ್ಟಿಗೇನು ಬರ ಇದೆಯಾ? ಹಳೇದು ತೆಗೆದು ಹೊಸದು ತುಂಬಿದ್ರಾಯ್ತು."

"ಹಳೇದು ಎಲ್ಲಿಗೆ ಹೋಗುತ್ತೆ ಸಾರ್?"

"ಅದಕ್ಕೆ ವ್ಯವಸ್ಥೆ ಮಾಡ್ತೀವಿ."

ವ್ಯವಸ್ಥೆ. ಆ ಮಾತನ್ನು ಕೇಳಿದಾಗಲೇ ನಾನು ಕುರ್ಚಿಯಿಂದ ಏಳಬೇಕಿತ್ತು. ಏಳಲಿಲ್ಲ. ಅವರು ತರಿಸಿದ ಚಹಾ ಕುಡಿದು ಬಂದೆ.

ಮೂರು ತಿಂಗಳಲ್ಲಿ ಎರಡಾಳೆತ್ತರದ ಆರು ಕಬ್ಬಿಣದ ಪೀಪಾಯಿಗಳು ಎದ್ದವು. ಒಳಗೆ ಕರಿ ಹೊಟ್ಟು. ನಿಂಬೆ ಸಿಪ್ಪೆಯ ಬದಲು ಅವರದೇ ಒಂದು ಹುಳಿ ನೀರು. ಕೆಂಪು ಹೋಗಿ ತಿಳಿ ಬಂತು. ಸಾರ್‌ಗೆ ಒಂದು ಪ್ರಶಸ್ತಿ ಬಂತು, ಪೇಪರಿನಲ್ಲಿ ಫೋಟೋ ಬಂತು, ಪೀಪಾಯಿಯ ಮೇಲೆ ಕೈಯಿಟ್ಟು ಯಜಮಾನ ಪಕ್ಕದಲ್ಲಿ ನಿಂತಿದ್ದ. ಅಮ್ಮನ ಮಡಕೆಯ ಸುದ್ದಿ ಅದರಲ್ಲಿ ಇರಲಿಲ್ಲ. ನಮ್ಮ ಉದ್ದಕ್ಕ, ಹೊಂಡದಲ್ಲಿ ನನ್ನ ಪಕ್ಕ ನಿಲ್ಲುವವಳು, ಅಷ್ಟು ಎತ್ತರದವಳು ಅಂತ ಆ ಹೆಸರು, ಪೇಪರನ್ನು ತಿರುವಿ ಹಿಂದುಗಡೆಯೂ ಹುಡುಕಿದಳು. "ನಿಮ್ಮಮ್ಮ ಹಿಂದಿನ ಪುಟದಲ್ಲೂ ಇಲ್ಲ ಕಣೇ," ಅಂದಳು.

ನನಗೆ ಹೊಸ ಕೆಲಸ ಕೊಟ್ಟರು. ಪೀಪಾಯಿಯೊಳಗೆ ಇಳಿದು ದಣಿದ ಹೊಟ್ಟನ್ನು ಸಲಿಕೆಯಿಂದ ಎಳೆದು ಹೊರಹಾಕುವುದು. ಹೊಂಡದಲ್ಲಿ ಆಕಾಶವಾದರೂ ಕಾಣುತ್ತಿತ್ತು. ಇಲ್ಲಿ ಮೇಲೆ ತಟ್ಟೆಯಗಲದ ಬೆಳಕು ಅಷ್ಟೆ. ಹುಳಿ ನೀರಿಗೆ ಹಿಮ್ಮಡಿ ಸೀಳಿ ರಕ್ತ ಬರುತ್ತಿತ್ತು. ಹೊರಹಾಕಿದ ಹೊಟ್ಟನ್ನು ತಾಡಪಾಲು ಮುಚ್ಚಿದ ಲಾರಿ ಒಯ್ಯುತ್ತಿತ್ತು. ಎಲ್ಲೋ ದೂರ ಹೂಳುತ್ತಾರೆ ಅಂದುಕೊಂಡಿದ್ದೆ.

ಒಂದು ದಿನ ಕಾರ್ಖಾನೆಯ ಮೇಸ್ತ್ರಿ ಗಾಡಿ ತಳ್ಳಿಕೊಂಡು ಓಣಿಗೆ ಬಂದ. ಗಾಡಿಯ ತುಂಬ ಕರಿ ಬಿಲ್ಲೆಗಳು, ಅಂಗೈಯಗಲ, ಕಲ್ಲಿನಂತೆ ಗಟ್ಟಿ.

"ಯಜಮಾನ್ರು ಕೊಟ್ಟಿದ್ದಾರೆ. ಒಲೆಗೆ. ಪುಕ್ಕಟೆ."

"ಯಜಮಾನ್ರು ಪುಕ್ಕಟೆ ಕೊಡೋದು ಬೈಗುಳ ಒಂದೇ," ಅಂದಳು ಉದ್ದಕ್ಕ. "ಇದೇನು ಹೊಸದು?"

"ಬಾಯ್ಲರ್ ಬೂದಿ, ಸುಟ್ಟ ಹೊಟ್ಟು, ಜೇಡಿಮಣ್ಣು. ಹೊಸ ಬಿಲ್ಲೆ ಯಂತ್ರ ಬಂದಿದೆ. ಬೇಡಾಂದ್ರೆ ಬಿಡಿ, ತಗೊಳ್ಳೋರು ಬೇರೆ ಇದ್ದಾರೆ."

ನಾವು ದಡ್ಡರಲ್ಲ. ಬಣ್ಣದ ಕಾರ್ಖಾನೆಯಿಂದ ಬಂದದ್ದನ್ನು ನಾವು ಹಾಗೇ ಮನೆಯೊಳಗೆ ಬಿಟ್ಟುಕೊಳ್ಳುವವರಲ್ಲ. ನಮಗೊಂದು ಪರೀಕ್ಷೆ ಇತ್ತು. ಕಾರ್ಖಾನೆಯೊಳಗೆ ಬಟ್ಟೆಗೆ ಬಣ್ಣ ಗಟ್ಟಿ ಕೂತಿದೆಯೇ ಅಂತ ನೋಡಲು ಬಿಳಿ ತುಂಡನ್ನು ಒದ್ದೆ ಮಾಡಿ ತಿಕ್ಕುತ್ತಾರೆ. ಬಿಳಿ ಬಿಳಿಯಾಗೇ ಉಳಿದರೆ ಪಾಸು. ನಾವೂ ಎಲ್ಲದಕ್ಕೂ ಅದನ್ನೇ ಮಾಡುತ್ತಿದ್ದೆವು. ಹೊಸ ಚಾಪೆಗೆ, ಮಕ್ಕಳ ಆಟದ ಸಾಮಾನಿಗೆ, ಬಾಡಿಗೆಗೆ ಹೋದ ಮನೆಯ ಗೋಡೆಗೆ. ನಾನೇ ಬಿಳಿ ತುಂಡು ತಂದು, ಒದ್ದೆ ಮಾಡಿ, ಬಿಲ್ಲೆಯ ಮೇಲೆ ಎರಡೂ ಕಡೆ ತಿಕ್ಕಿದೆ. ಸ್ವಲ್ಪ ಮಸಿ ಬಂತು. ಕೆಂಪಿಲ್ಲ, ನೀಲಿ ಇಲ್ಲ. ಹದಿನಾಲ್ಕು ಹೆಂಗಸರ ಮುಂದೆ ಆ ತುಂಡನ್ನು ಎತ್ತಿ ತೋರಿಸಿದೆ.

"ಬಣ್ಣ ಇಲ್ಲ," ಅಂದೆ. "ತಗೊಳ್ಳಿ."

ಬರೀ ನೀರಿಗೆ ಹೊಟ್ಟು ಬಾಯಿ ಬಿಡುವುದಿಲ್ಲ ಅಂತ ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನಮಗೆ. ಕರಿಯ ಮೇಲೆ ಯಾವ ಬಣ್ಣವೂ ಕಾಣುವುದಿಲ್ಲ ಅಂತ ಗೊತ್ತಿರುವುದೂ ನಮಗೇ. ಆದರೂ ಕಣ್ಣಿಗೆ ಕಾಣದ್ದು ಇಲ್ಲ ಅಂದುಕೊಂಡೆ. ಬಣ್ಣದಲ್ಲೇ ಬದುಕಿದವರು ಮಾತ್ರ ಮಾಡುವ ತಪ್ಪು ಅದು. ಬೇರೆ ಯಾರಾದರೂ ಆಗಿದ್ದರೆ ಮೂಗಿಗೆ ಹಿಡಿದು ನೋಡುತ್ತಿದ್ದರೇನೋ.

ಮೊದಲು ತಂಗಿಯ ಕಣ್ಣು ಉರಿಯಿತು. ಆಮೇಲೆ ಕೆಮ್ಮು. ಸೌದೆಗಿಂತ ಬಿಲ್ಲೆ ಹೊತ್ತು ನಿಲ್ಲುತ್ತದೆ, ನಿಧಾನ ಉರಿಯುತ್ತದೆ, ಹೊಗೆ ಮಾತ್ರ ಒಂದು ಥರ ಸಿಹಿ ವಾಸನೆ ಅನ್ನುತ್ತಿದ್ದಳು. ನಾನು ದಿನವಿಡೀ ಪೀಪಾಯಿಯೊಳಗೆ. ನನ್ನ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಐದನೇ ತಿಂಗಳಿಗೆ ಅವಳ ಮಾತು ಕಡಿಮೆಯಾಯಿತು. ಒಂದು ಮಾತಿಗೆ ಎರಡು ಸಲ ಉಸಿರು ಎಳೆದುಕೊಳ್ಳಬೇಕಿತ್ತು. ಕಾರ್ಖಾನೆಯ ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಅವಳನ್ನು ಮುಟ್ಟದೆ ಕೇಳಿದರು.

"ಬೀಡಿ ಸೇದ್ತೀಯಾ?"

"ಇಲ್ಲ ಸಾರ್, ಅಡುಗೆ ಮಾಡ್ತೀನಿ," ಅಂದಳು ತಂಗಿ. ಆ ಸ್ಥಿತಿಯಲ್ಲೂ.

ಬಿಳಿ ಗುಳಿಗೆ ಕೊಟ್ಟು ಕಳಿಸಿದರು. ಗುಳಿಗೆ ನುಂಗುವುದು, ಬಂದು ಮತ್ತೆ ಅದೇ ಒಲೆಯ ಮುಂದೆ ಕೂರುವುದು. ನಾನು ಬೇಡ ಅಂದರೆ, "ಹದಿನಾಲ್ಕು ಮನೆಗೆ ಬೇಯಿಸೋರು ಯಾರು, ನೀನಾ? ನಿನ್ನ ಅಡುಗೆ ಹೊಂಡಕ್ಕೆ ಹಾಕಿದ್ರೆ ಹೊಂಡಾನೇ ಸಾಯುತ್ತೆ," ಅನ್ನುತ್ತಿದ್ದಳು. ಕೂತೇ ನಿದ್ದೆ ಮಾಡುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಇಪ್ಪತ್ತಮೂರು ವರ್ಷದ ಹುಡುಗಿ.

ಒಂದು ಭಾನುವಾರ ಬೆಳಿಗ್ಗೆ ನಾನು ಅಂಗಳದಲ್ಲಿ ಬಟ್ಟೆ ನೆನೆಹಾಕಿದ್ದೆ. ಬಿಸಿ ನೀರು, ಎರಡು ಹಿಡಿ ಸೋಡಾ. ಬಕೆಟ್ಟು ಓರೆಯಾಗಿ ನೀರು ಚೆಲ್ಲಿತು. ಗೋಡೆಯ ಪಕ್ಕ ಪೇರಿಸಿಟ್ಟ ಬಿಲ್ಲೆಗಳ ಅಡಿಗೆ ಹರಿಯಿತು. ತಂಗಿ ಹೊಸ್ತಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮೊದಲು ನೋಡಿದವಳು ಅವಳೇ.

"ಅಕ್ಕಾ," ಅಂದಳು. ಉಸಿರು ಎಳೆದುಕೊಂಡಳು. "ಇದು ನಿನ್ನ ಕಾಲಿನ ಬಣ್ಣ ಅಲ್ವಾ?"

ಬಿಲ್ಲೆಗಳ ಬುಡದಿಂದ ಕೆಂಪು ಹರಿಯುತ್ತಿತ್ತು. ನಾನು ಒಂದು ಬಿಲ್ಲೆ ಒಡೆದು ಬಕೆಟ್ಟಿಗೆ ಹಾಕಿದೆ. ಕೆಂಪು. ಇನ್ನೊಂದು ಹಾಕಿದೆ. ನೀಲಿ. ಮೂರನೆಯದಕ್ಕೆ ಉಗುರು ಕೊಳೆಸುವ ಆ ಹಸಿರು ಬಂತು. ಹನ್ನೊಂದು ತಿಂಗಳು ನಾನು ಪೀಪಾಯಿಯೊಳಗೆ ಇಳಿದು ನನ್ನ ಕೈಯಾರೆ ಎಳೆದು ಹೊರಹಾಕಿದ ಹೊಟ್ಟು ಅದು. ಬಿಲ್ಲೆಯಾಗಿ ನನ್ನ ಮನೆಗೇ ಬಂದು, ನನ್ನ ತಂಗಿಯ ಮೂಗಿನ ಕೆಳಗೆ ಉರಿದಿತ್ತು. ಹೊಂಡಕ್ಕೆ ಇಳಿಸಬಾರದು ಅಂತ ಅವಳನ್ನು ಮನೆಯಲ್ಲಿಟ್ಟಿದ್ದೆವು. ಹೊಂಡವೇ ಅವಳ ಎದೆಗೆ ಇಳಿದಿತ್ತು.

ಆಮೇಲೆ ಹತ್ತೊಂಬತ್ತು ದಿನ ಬದುಕಿದ್ದಳು. ಕೊನೆಯ ವಾರ ಮಾತೇ ಇರಲಿಲ್ಲ. ಅವಳ ಕಾಲು ಮಾತ್ರ ಕೊನೆವರೆಗೂ ಹಾಗೇ ಇತ್ತು, ಒಂದು ಕಲೆ ಇಲ್ಲದೆ. ನಾನೇ ತೊಳೆದೆ. ನನ್ನ ಕೈ ಅವತ್ತು ಕೆಂಪಾಗಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಆ ಕೈಯಲ್ಲೇ ತೊಳೆಯಬೇಕಾಯಿತು ಅನ್ನುವುದು ನನ್ನನ್ನು ಇವತ್ತಿಗೂ ಸುಡುತ್ತದೆ.

ಮೂರನೇ ದಿನ ಸಾರ್ ಕೋಣೆಗೆ ಹೋದೆ. ಕೂರಲಿಲ್ಲ. ಸೋಡಾ ನೀರಿನಲ್ಲಿ ನೆನೆಸಿದ ಬಿಲ್ಲೆಯನ್ನು ಅವರ ಮೇಜಿನ ಮೇಲೆ, ಬರೆದ ಕಾಗದಗಳ ಮೇಲೆ ಇಟ್ಟೆ.

"ನೀವು ಸುಡ್ತೀರ ಅಂತ ನಂಗೆ ಗೊತ್ತಿರ್ಲಿಲ್ಲಮ್ಮ," ಅಂದರು.

"ಬಿಲ್ಲೆ ಮಾಡಿ ಒಲೆಗೆ ಅಂತ ಕೊಟ್ರೆ ತಲೆಗೆ ಹಚ್ಕೋತಾರಾ ಸಾರ್?"

"ಅದು ಯಜಮಾನರ ತೀರ್ಮಾನ. ಹೂಳೋಕೆ ಜಾಗ ಇಲ್ಲ ಅಂದ್ರು. ನಾನು ಬೇಡ ಅಂತ ಬರೆದು ಕೊಟ್ಟಿದ್ದೆ."

"ಯಾರಿಗೆ ಬರೆದು ಕೊಟ್ರಿ? ನಮಗೆ ಕೊಟ್ರಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನು ಎಂಟು ದಿನಕ್ಕೆ ಪರಿಶೀಲನೆಗೆ ಅಧಿಕಾರಿ ಬರುತ್ತಾರೆ, ಸರ್ಟಿಫಿಕೇಟು ಸಿಕ್ಕ ಮೇಲೆ ಬಿಲ್ಲೆ ನಿಲ್ಲಿಸುತ್ತೇವೆ, ಈಗ ಬಾಯಿ ಬಿಟ್ಟರೆ ಕಾರ್ಖಾನೆ ಮುಚ್ಚಿ ನೀವೇ ಬೀದಿಗೆ ಬೀಳುತ್ತೀರಿ ಅಂದರು. ಹೊರಗೆ ಬಂದು ಮೇಸ್ತ್ರಿಯನ್ನು ಕೇಳಿದಾಗ ಬೇರೆ ಮಾತು ಗೊತ್ತಾಯಿತು. ಸರ್ಟಿಫಿಕೇಟು ಸಿಕ್ಕರೆ ಇಂಥದ್ದೇ ಇನ್ನೆರಡು ಕಾರ್ಖಾನೆ ಏಳುತ್ತವೆ. ಇನ್ನೆರಡು ಬಿಲ್ಲೆ ಯಂತ್ರಕ್ಕೆ ಈಗಾಗಲೇ ಹೇಳಿಯಾಗಿದೆ.

ಯಜಮಾನನ ಕಾರಿಗೆ ಗೇಟಿನಲ್ಲಿ ಅಡ್ಡ ನಿಂತೆ. ಅವನು ಕಿಟಕಿಯನ್ನು ನಾಲ್ಕು ಬೆರಳಷ್ಟು ಇಳಿಸಿದ.

"ನಿಮ್ಮ ಬಿಲ್ಲೆಯಿಂದ ನನ್ನ ತಂಗಿ ಸತ್ಲು," ಅಂದೆ.

"ಪುಕ್ಕಟೆ ಕೊಟ್ಟಿದ್ದಕ್ಕೆ ಇದಾ ಮರ್ಯಾದೆ?" ಅಂದ. "ಅವಳ ಎದೆ ಮೊದ್ಲಿಂದ್ಲೂ ಸರಿ ಇರ್ಲಿಲ್ವಂತೆ. ದವಾಖಾನೆಯವರು ಬರೆದಿಟ್ಟಿದ್ದಾರೆ. ಕಾರಿಗೆ ಕೈ ತಾಗಿಸ್ಬೇಡ, ಕಲೆಯಾಗುತ್ತೆ."

ಕಿಟಕಿ ಮೇಲೇರಿತು. ಅವನು ಒಳಗಿನ ತಣ್ಣನೆ ಗಾಳಿಯಲ್ಲಿ ಉಸಿರಾಡುತ್ತಾ ಹೋದ. ಅಲ್ಲೇ ನಿಂತು ನಿರ್ಧಾರ ಮಾಡಿದೆ. ನನಗೆ ಪರಿಹಾರ ಬೇಡ. ಕ್ಷಮೆ ಬೇಡ. ಸರ್ಟಿಫಿಕೇಟು ಅವನ ಕೈಗೆ ಹೋಗಬಾರದು. ನನ್ನ ತಂಗಿ ಎಳೆದುಕೊಂಡ ಗಾಳಿಯನ್ನು ಅವನು ಒಂದು ಸಲ ಎಳೆದುಕೊಳ್ಳಬೇಕು.

ಮಾರನೇ ದಿನ ಮೇಸ್ತ್ರಿ ಬಂದು, ಪರಿಶೀಲನೆಯ ದಿನ ಒಬ್ಬ ಕೆಲಸದ ಹೆಂಗಸು ಬೇಕು ಅಂದ. ಅಧಿಕಾರಿಯೂ ಹೆಂಗಸಂತೆ, ನೋಡಲು ಚೆನ್ನಾಗಿರುತ್ತದೆ. ಹೊಸ ಕೋಟು, ಹೊಸ ಕೈಗವಸು. ಕೆಂಪು ನೀರನ್ನು ಗಾಜಿನ ಕೊಳವೆಗೆ ಹೊಯ್ಯಬೇಕು, ಅಷ್ಟೆ. ಯಜಮಾನನೇ ನನ್ನನ್ನು ಸೂಚಿಸಿದನಂತೆ. ನನ್ನ ಬಾಯಿ ಮುಚ್ಚಿಸಲು ಒಂದು ಹೊಸ ಕೋಟು ಸಾಕು ಅಂದುಕೊಂಡಿದ್ದ.

"ಆಗ್ಲಿ," ಅಂದೆ. ತಲೆ ತಗ್ಗಿಸಿ ಹೇಳಿದೆ. ತಲೆ ತಗ್ಗಿಸುವುದು ನಮಗೆ ಚೆನ್ನಾಗಿ ರೂಢಿಯಿದೆ.

ಕೆಂಪು ಹರಿದ ಆ ಭಾನುವಾರದಿಂದಲೇ ಓಣಿಯಲ್ಲಿ ಯಾರೂ ಬಿಲ್ಲೆ ಹಚ್ಚಿರಲಿಲ್ಲ. ಆ ಎಂಟು ದಿನ ಮೇಸ್ತ್ರಿ ತಂದದ್ದನ್ನೆಲ್ಲ ನಗುನಗುತ್ತಾ ತೆಗೆದುಕೊಂಡು ಕೂಡಿಟ್ಟರು. ಕಾರ್ಖಾನೆಯಲ್ಲಿ ಸೋಡಾ ಮೂಟೆಗಟ್ಟಲೆ ಇರುತ್ತದೆ, ಬಟ್ಟೆಗೆ ಬಣ್ಣ ಕೂರಿಸಲು ಬೇಕು. ಉದ್ದಕ್ಕ ರಾಡಿಯ ಬುಟ್ಟಿಯ ಅಡಿಯಲ್ಲಿ ದಿನಕ್ಕಿಷ್ಟು ಅಂತ ಹೊರತಂದಳು. ನಮ್ಮ ಬುಟ್ಟಿಯನ್ನು ಯಾರೂ ತಪಾಸಣೆ ಮಾಡುವುದಿಲ್ಲ. ಮುಟ್ಟಲು ಅಸಹ್ಯ.

ಆ ದಿನ ಅಂಗಳದಲ್ಲಿ ಶಾಮಿಯಾನ. ಮಧ್ಯೆ ನನ್ನೆತ್ತರದ ಗಾಜಿನ ಕೊಳವೆ, ಅದರ ತುಂಬ ಕರಿ ಹೊಟ್ಟು. ಬೆಳಗಿನಿಂದ ಅದಕ್ಕೆ ಕೆಂಪು ಹೊಯ್ದು ಹೊಯ್ದು ಅಭ್ಯಾಸ ಮಾಡಿದ್ದರು, ನಾನೇ ಹೊಯ್ದಿದ್ದೆ. ಹೊಟ್ಟು ಕಂಠಮಟ್ಟ ಕುಡಿದಿತ್ತು. ಅಧಿಕಾರಿ ಮೇಡಂ ಬಂದರು. ಹತ್ತಿಯ ಬಟ್ಟೆ, ಕೈಯಲ್ಲಿ ಕಡತ, ಮುಖದಲ್ಲಿ ಏನೂ ಇಲ್ಲ. ಹಿಂದೆ ಬಟ್ಟೆ ಕೊಳ್ಳುವ ವ್ಯಾಪಾರಿಗಳು. ಸಾರ್ ಮೈಕಿನಲ್ಲಿ ಅಮ್ಮನ ಮಡಕೆಯ ವಿಷಯವನ್ನು ತಮ್ಮ ಮಾತಿನಲ್ಲಿ ವಿವರಿಸಿದರು. ಕೆಳಗಿನ ನಲ್ಲಿಗೆ ಯಜಮಾನ ಗಾಜಿನ ಲೋಟ ಹಿಡಿದು ನಿಂತಿದ್ದ. ಬಂದ ತಿಳಿ ನೀರನ್ನು ಎಲ್ಲರೆದುರು ಒಂದು ಗುಟುಕು ಕುಡಿದು ತೋರಿಸುವುದು ಅಂತ ಮಾತಾಗಿತ್ತು.

ನಾನು ಕೈಗವಸು ಕಳಚಿ ಕೆಳಗೆ ಹಾಕಿದೆ. ಮೇಜಿನ ಮೇಲಿದ್ದ ಕೆಂಪು ಬಕೆಟ್ಟನ್ನು ಮುಟ್ಟಲಿಲ್ಲ. ಮೇಜಿನ ಅಡಿಯಲ್ಲಿ ಬೆಳಿಗ್ಗೆಯೇ ಬಚ್ಚಿಟ್ಟಿದ್ದ ನನ್ನ ಬಕೆಟ್ಟು ತೆಗೆದೆ.

"ಅದಲ್ಲ, ಇದು," ಅಂದ ಮೇಸ್ತ್ರಿ.

"ಇದೇ," ಅಂದೆ.

ಮೇಲೆ ತಿಳಿ ನೀರು ಹೊಯ್ದೆ. ಕೆಳಗೆ ಕೆಂಪು ಬಂತು. ಮೊದಲು ಎಳೆಯಾಗಿ, ಆಮೇಲೆ ದಪ್ಪಗೆ. ಯಜಮಾನನ ಲೋಟ ತುಂಬಿ, ಅವನ ಬೆರಳ ಮೇಲೆ ಹರಿದು, ಬಿಳಿ ಅಂಗಿಯ ತೋಳಿನೊಳಗೆ ಇಳಿಯಿತು. ಅವನು ಲೋಟ ಬಿಟ್ಟ. ನನ್ನ ಮೈಯಲ್ಲಿ ಒಂದು ಹಿಗ್ಗು ಎದ್ದಿತು, ಅಂಥದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಕುಡೀರಿ," ಅಂದೆ.

ಮೇಡಂ ನನ್ನ ಕಡೆ ನೋಡಿದರು. "ಬಕೆಟ್ಟಲ್ಲಿ ಏನು ಹಾಕಿದ್ದೀಯಮ್ಮ?"

"ಬಟ್ಟೆ ಸೋಡಾ. ಹೊಟ್ಟು ಹಿಡಿದದ್ದು ಹೊಟ್ಟಲ್ಲೇ ಇರುತ್ತೆ ಮೇಡಂ. ಸೋಡಾ ಹಾಕಿದ್ರೆ ಬಿಡುತ್ತೆ. ಹಳೇ ಹೊಟ್ಟು ಎಲ್ಲಿಗೆ ಹೋಗುತ್ತೆ ಅಂತ ಇವರನ್ನ ಕೇಳಿ."

"ತಂಗಿ ಸತ್ತು ಇವಳ ತಲೆ ಕೆಟ್ಟಿದೆ ಮೇಡಂ," ಅಂದ ಯಜಮಾನ. ನಗುತ್ತಿದ್ದ. "ಪಾಪ ಅಂತ ಕೆಲಸದಲ್ಲಿ ಇಟ್ಕೊಂಡಿದ್ದೀನಿ. ಹಳೇ ಹೊಟ್ಟನ್ನ ಉರುವಲು ಮಾಡಿ ಬಡವರಿಗೆ ಹಂಚ್ತೀವಿ. ಸಮಾಜಸೇವೆ."

"ಸುಟ್ಟರೆ ತೊಂದರೆ ಇಲ್ವಾ?"

"ಏನೂ ಇಲ್ಲ ಮೇಡಂ. ರಿಪೋರ್ಟ್ ಇದೆ. ಒಳಗೆ ಬನ್ನಿ, ತೋರಿಸ್ತೀನಿ. ಚಹಾ ತಗೊಳ್ಳಿ."

ಅವರು ಅತಿಥಿಗಳ ಕೋಣೆಗೆ ಹೋದರು. ಕಾಗದ ನೋಡಿದರೆ ಮೇಡಂ ಸಹಿ ಹಾಕಬಹುದು ಅಂತ ನನಗೆ ಅನ್ನಿಸಿತು. ಕಾಗದದಲ್ಲಿ ನಾವು ಯಾವತ್ತೂ ಸೋಲುತ್ತೇವೆ. ನಾನು ಗೇಟಿನ ಕಡೆ ಕೈ ಎತ್ತಿದೆ. ಅಲ್ಲಿ ಬುಟ್ಟಿ ಹೊತ್ತು ಕಾಯುತ್ತಿದ್ದ ನಮ್ಮ ಓಣಿಯ ಹೆಂಗಸರು ಒಳಗೆ ನುಗ್ಗಿದರು. ಸುತ್ತಿ ಬರಲಿಲ್ಲ. ಯಂತ್ರಗಳ ನಡುವಿನಿಂದ, ಬಿಳಿ ಥಾನುಗಳ ಪಕ್ಕದಿಂದ, ಬೇಕೆಂದೇ ಕೈ ಸವರುತ್ತಾ ಬಂದರು. ಬಿಲ್ಲೆಯ ಬುಟ್ಟಿಗಳನ್ನು ಅತಿಥಿಗಳ ಕೋಣೆಯ ಬಾಗಿಲಿಗೆ ತಂದು ಇಳಿಸಿದರು.

ಆ ಕೋಣೆಯ ಕಿಟಕಿಗಳು ತೆರೆಯುವಂಥವಲ್ಲ. ಹೊರಗಿನ ನಾತ ಒಳಗೆ ಬರಬಾರದು ಅಂತ ಗಾಜು ಕೂರಿಸಿ ಬಿಗಿದಿದ್ದರು. ಅವರು ತಂದಿದ್ದ, ಬುಡದಲ್ಲಿ ತೂತು ಹೊಡೆದ ಹಳೇ ಬಣ್ಣದ ಡಬ್ಬವನ್ನು ನಾನು ಒಳಗೆ ತೆಗೆದುಕೊಂಡು ಹೋಗಿ ನೆಲದ ಹಾಸಿನ ಮೇಲೆ ಇಟ್ಟೆ. ಒಳಗೆ ಸೀಮೆಎಣ್ಣೆ ಚಿಂದಿ, ಮೇಲೆ ಬಿಲ್ಲೆ.

"ಇವಳನ್ನ ಹೊರಗೆ ಹಾಕ್ರೋ," ಅಂದ ಯಜಮಾನ. ಮೇಸ್ತ್ರಿ ಒಂದು ಹೆಜ್ಜೆ ಇಟ್ಟ. ಉದ್ದಕ್ಕ ಅವನ ಮುಂದೆ ಬಂದು ನಿಂತಳು, ಅವನು ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ.

"ತೊಂದರೆ ಇಲ್ಲ ಅಂದ್ರಲ್ಲ," ಅಂದೆ. "ಒಂದು ಪಾತ್ರೆ ನೀರು ಕುದಿಯೋಷ್ಟು ಹೊತ್ತು ಕೂತ್ಕೊಳ್ಳಿ. ನಾನೂ ಕೂತ್ಕೋತೀನಿ. ಮೇಡಂ, ನೀವು ಹೊರಗೆ ನಿಂತು ನೋಡಿ. ನೀವು ನಮಗೇನೂ ಮಾಡಿದವರಲ್ಲ."

ಮೇಡಂ ಕಡತ ಮುಚ್ಚಿ ಎದ್ದು ಹೋಗಿ ಬಾಗಿಲ ಹೊರಗೆ ನಿಂತರು. ವ್ಯಾಪಾರಿಗಳೂ ಮೇಸ್ತ್ರಿಯೂ ಅವರ ಹಿಂದೆ. ಲ್ಯಾಬಿನ ಸಾರ್ ಎಲ್ಲರಿಗಿಂತ ಮೊದಲೇ ಹೊರಗಿದ್ದರು. ಓದಿದವರಲ್ಲವೇ. ಯಜಮಾನನೂ ಏಳಲು ಹೋದ. ಬಾಗಿಲ ತುಂಬ ಹೆಂಗಸರು. ಅವರನ್ನು ಮುಟ್ಟದೆ ದಾಟುವ ಹಾಗಿರಲಿಲ್ಲ. ಮುಟ್ಟಲು ಅವನಿಗೆ ಆಗಲಿಲ್ಲ.

ಕಡ್ಡಿ ಗೀರಿದೆ.

"ಬೇಡ," ಅಂದ. ಅಷ್ಟೇ ಬಂತು ಅವನ ಬಾಯಿಂದ. ಆಮೇಲೆ ಪೂರ್ತಿ ಅಂದ. "ಹಚ್ಚಬೇಡ."

"ಯಾಕೆ?"

ಅವನು ಬಾಗಿಲ ಕಡೆ ನೋಡಿದ. ಕಡ್ಡಿ ಬೆರಳವರೆಗೆ ಉರಿಯಿತು. ಇನ್ನೊಂದು ಗೀರಿದೆ.

"ಯಾಕೆ ಅಂತ ಹೇಳಿ. ಜೋರಾಗಿ. ಹೇಳಿದ್ರೆ ಹಚ್ಚಲ್ಲ."

"ಅದ್ರಲ್ಲಿ ಬಣ್ಣ ಇದೆ," ಅಂದ. "ಸುಟ್ಟರೆ ವಿಷ."

"ಗೊತ್ತಿತ್ತಾ?"

"ಗೊತ್ತಿತ್ತು."

ಬಾಗಿಲ ಹೊರಗೆ ಮೇಡಂ ಪೆನ್ನು ತೆಗೆದು ಬರೆದುಕೊಂಡರು. ಅವರು ಬರೆದು ಮುಗಿಸುವವರೆಗೆ ನಾನು ಕಾದೆ. ಅವರು ಕೇಳಬೇಕಾದದ್ದನ್ನು ಕೇಳಿದ್ದರು. ನನಗೆ ಬೇಕಾದದ್ದು ಇನ್ನೂ ಆಗಿರಲಿಲ್ಲ. ಹೇಳಿದರೆ ಹಚ್ಚುವುದಿಲ್ಲ ಅಂದಿದ್ದೆ. ಅವನು ಹೇಳಿದ. ನಾನು ಮಾತು ತಪ್ಪಿದೆ. ಮೂರನೇ ಕಡ್ಡಿ ಗೀರಿ ಚಿಂದಿಗೆ ಇಟ್ಟೆ. ಉದ್ದಕ್ಕ ಆಚೆಯಿಂದ ಬಾಗಿಲು ಎಳೆದುಕೊಂಡಳು. ಹೊರಗಿನಿಂದ ಮೇಡಂ ಏನೋ ಅಂದದ್ದು ಕೇಳಿಸಿತು, ಏನಂತ ತಿಳಿಯಲಿಲ್ಲ.

ಅವರ ಚಹಾದ ಪಾತ್ರೆಗೆ ನೀರು ತುಂಬಿ ಡಬ್ಬದ ಮೇಲಿಟ್ಟೆ. ಅವನ ಎದುರು ಕೂತೆ. ಹೊಗೆ ಎದ್ದಿತು, ಕರಿಯಲ್ಲ, ಹಳದಿ ಮಿಶ್ರ. ತಂಗಿ ಹೇಳಿದ್ದು ನಿಜ, ಸಿಹಿ ವಾಸನೆ. ನನಗೆ ಕೆಮ್ಮು ಬಂತು. ಅವನಿಗೂ ಬಂತು. ಅವನು ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡ, ಗಾಜಿಗೆ ಗುದ್ದಿದ, ಆಮೇಲೆ ನೆಲಕ್ಕೆ ಕುಸಿದು ನನ್ನ ಕಾಲು ಹಿಡಿದುಕೊಂಡ. ಕಲೆಯಾಗುತ್ತದೆ ಅನ್ನುವುದು ಅವನಿಗೆ ನೆನಪಾಗಲಿಲ್ಲ.

"ಸಾಕು," ಅಂದ. "ಉಸಿರು ಕಟ್ತಿದೆ. ಸಾಯ್ತೀನಿ. ಸಾಕು."

ನಾನು ಪಾತ್ರೆಗೆ ಬೆರಳು ಅದ್ದಿ ನೋಡಿದೆ. ನೀರು ಇನ್ನೂ ಉಗುರು ಬೆಚ್ಚಗೂ ಆಗಿರಲಿಲ್ಲ.